ಅರಮನೆ, ಝೂ ಆಯ್ತು. ಇನ್ನು ಹೊರಗೆ ಏನು ಮಾಡೋದು?

ಮೈಸೂರಿಗೆ ರಜೆಗೆ ಬರುವವರು ತಪ್ಪದೆ ಕೇಳುವ ಪ್ರಶ್ನೆ ಇದು. ಮರ, ನೀರು, ಹಕ್ಕಿ ಇರುವ ಕಡೆ ಅರ್ಧ ದಿನ ಕಳೆಯಬೇಕು, ಎಲ್ಲಿಗೆ ಹೋಗೋಣ? ಜಾಗಗಳ ಪಟ್ಟಿ ಬೇಕಿದ್ದರೆ ಆಟೋದವರೇ ಹೇಳಿಬಿಡುತ್ತಾರೆ. ನಾವು ತಿರುಗಿ ಕೇಳುವುದು ಎರಡೇ: ಯಾವ ತಿಂಗಳು ಬರುತ್ತೀರಿ, ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?

ಮಳೆಗಾಲದಲ್ಲಿ ಬರುವವರು ಮೊದಲು ಪತ್ರಿಕೆಯಲ್ಲಿ ಕೆ.ಆರ್.ಎಸ್. (ಕಾವೇರಿಯ ಕೃಷ್ಣರಾಜಸಾಗರ ಅಣೆಕಟ್ಟೆ) ಅಂಕಿ ನೋಡಿ. ಮಟ್ಟ, ಒಳಹರಿವು, ಹೊರಹರಿವು ಮೂರೂ ದಿನಾ ಬರುತ್ತವೆ. ಗರಿಷ್ಠ ಮಟ್ಟ 124.80 ಅಡಿ. ಕಟ್ಟೆ ಅದರ ಹತ್ತಿರಕ್ಕೆ ತುಂಬಿ, ಕೊಡಗಿನಲ್ಲಿ ಮಳೆ ಬಿಡದಿದ್ದರೆ ನೀರನ್ನು ಹೊಳೆಗೆ ಬಿಡಲೇಬೇಕು. ಹೊರಹರಿವಿನಲ್ಲಿ ನಾಲೆಗಳಿಗೆ ಬಿಟ್ಟ ನೀರೂ ಸೇರಿರುತ್ತದೆ, ಹಾಗಾಗಿ ಅಂಕಿ ಸ್ವಲ್ಪ ಏರಿದ ಕೂಡಲೇ ಗಾಬರಿ ಬೇಡ. ಹತ್ತಾರು ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು) ಅಂತ ಬಂದರೆ ಮಾತ್ರ, ಕಟ್ಟೆಯ ಕೆಳಗೆ ಅದೇ ಹೊಳೆಯಲ್ಲಿರುವ ಪಕ್ಷಿಧಾಮ ರಂಗನತಿಟ್ಟಿನ ದೋಣಿ ಆಸೆ ಬಿಡಿ.

ರಂಗನತಿಟ್ಟಿಗೆ ಸರಿಯಾದ ಕಾಲ ಡಿಸೆಂಬರಿನಿಂದ ಮೇ. ಹಳೇ ಕಾಲದಲ್ಲಿ ಕಾವೇರಿಗೆ ಅಡ್ಡಗಟ್ಟೆ ಕಟ್ಟಿದಾಗ ಎದ್ದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿ ಸೇರಿತು. ಇಷ್ಟು ಹಕ್ಕಿ ಇಲ್ಲೇ ಯಾಕೆ ಅಂದರೆ, ಸುತ್ತ ನೀರಿರುವುದರಿಂದ ನೆಲದ ಬೇಟೆಗಾರ ಪ್ರಾಣಿಗಳಿಗೆ ಗೂಡು ತಲುಪುವುದು ಕಷ್ಟ. ನೀರಿನಲ್ಲಿ ಮೊಸಳೆಗಳ ಕಾವಲು ಬೇರೆ. ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಬೇಸಿಗೆಯಲ್ಲಿ ಗೂಡು ಕಟ್ಟದೆ ಬರೀ ಬಂಡೆಯ ಮೇಲೆ ಮೊಟ್ಟೆ ಇಡುತ್ತವೆ. ಆ ಹೊತ್ತಿನಲ್ಲಿ ನೀರು ಏರಿದರೆ ಮೊಟ್ಟೆ ಕೊಚ್ಚಿಹೋಗುತ್ತದೆ.

ಬೆಳಗಿನ ಮೊದಲ ದೋಣಿಗೇ ಹೋಗಿ. ಹತ್ತೂವರೆ ದಾಟಿದರೆ ಬಿಸಿಲು ನೆತ್ತಿಗೇರಿ, ಬಿಳಿ ಹಕ್ಕಿಗಳೆಲ್ಲ ಫೋಟೋದಲ್ಲಿ ಸುಣ್ಣದ ಉಂಡೆಯಂತೆ ಕಾಣುತ್ತವೆ. ದೋಣಿಯಲ್ಲಿ ಎದ್ದು ನಿಲ್ಲಬೇಡಿ, ಕೈ ನೀರಿಗೆ ಇಳಿಬಿಡಬೇಡಿ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 (8 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. 10 ಪಟ್ಟು ಹಿಗ್ಗಿಸುವುದನ್ನು ಹಿಡಿದರೆ ದೋಣಿಯ ಅಲುಗಾಟವೂ 10 ಪಟ್ಟು ಹಿಗ್ಗುತ್ತದೆ, ಕೊಕ್ಕರೆ ಕಣ್ಣೆದುರು ಕುಣಿಯುತ್ತದೆ. "ಏನೂ ಸ್ಪಷ್ಟ ಕಾಣ್ತಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಯೇ ಇರುವುದಿಲ್ಲ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ದೂರದ ಒಂದು ಕೊಂಬೆ ಸ್ಪಷ್ಟವಾಗಲಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಗಾಜಿನ ಸುತ್ತಲಿನ ಬಳೆ ಮಾತ್ರ ತಿರುಗಿಸಿ ಅದೇ ಕೊಂಬೆ ನೋಡಿ. ಬಳೆ ಎಲ್ಲಿ ನಿಂತಿತು ಅಂತ ನೆನಪಿಟ್ಟುಕೊಂಡರೆ ಮುಂದೆಲ್ಲ ಚಕ್ರವೊಂದೇ ಸಾಕು. ಕನ್ನಡಕ ಹಾಕಿದವರು ಕಣ್ಣಿನ ಕಡೆಯ ರಬ್ಬರ್ ಮಡಚಿಕೊಳ್ಳಬೇಕು, ಇಲ್ಲದಿದ್ದರೆ ನೋಟದ ಅಂಚು ಕತ್ತರಿಸಿಹೋಗುತ್ತದೆ.

ಫೆಬ್ರವರಿ, ಮಾರ್ಚಿನಲ್ಲಿ ಒಂದೇ ದಿನ ಇರುವುದಾದರೆ ನಮ್ಮ ಮತ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ. ಬೆಂಗಳೂರು-ಮೈಸೂರು ಹಳೇ ರಸ್ತೆಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿದರೆ ಸುಮಾರು 12 ಕಿ.ಮೀ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲಿ, ಜನರ ಹಿತ್ತಿಲಲ್ಲಿ. ದೋಣಿಯೂ ಬೇಡ, ಬೈನಾಕ್ಯುಲರ್ ಇಲ್ಲದೆಯೂ ನಡೆಯುತ್ತದೆ. ಕೊಡೆ ಬೇಕು, ಬಿಸಿಲಿಗಲ್ಲ, ಮೇಲಿಂದ ಬೀಳುವ ಹಿಕ್ಕೆಗೆ. ಹಿತ್ತಿಲಿಗೆ ಕಾಲಿಡುವ ಮುಂಚೆ "ಅಮ್ಮಾ, ನೋಡ್ಬೋದಾ" ಅಂತ ಕೇಳಿ. ಮರಿ ಕೆಳಗೆ ಬಿದ್ದಿದ್ದರೆ ನೀವು ಎತ್ತಬೇಡಿ, ಊರಿನವರಿಗೆ ತಿಳಿಸಿ. ಡ್ರೋನ್ ಅಂತೂ ಬೇಡವೇ ಬೇಡ: ತಾಯಿ ಬೆದರಿ ಹಾರಿದರೆ ಮರಿಗೆ ನೆರಳೇ ಇರುವುದಿಲ್ಲ. ವಾಪಸ್ ಬರುವಾಗ ಮದ್ದೂರು ವಡೆ ತಿನ್ನದಿರುವುದು ನಿಮ್ಮ ಇಷ್ಟ, ನಮ್ಮ ಸಲಹೆಯಲ್ಲ.

ನಡೆಯುವವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು, ಸಾವಿರಕ್ಕೂ ಹೆಚ್ಚು. ಕತ್ತಲು ಹರಿಯುವಾಗ ಪಾದದಲ್ಲಿರಿ. ಮೊದಲ ಮುನ್ನೂರು ಮೆಟ್ಟಿಲು ಓಡಿದವರೇ ನಂದಿಯ ಹತ್ತಿರ ಕೂತುಬಿಡುವುದು. ಮಾತಾಡಿಕೊಂಡು ಹತ್ತುವಷ್ಟೇ ವೇಗ ಇರಲಿ, ಕುಡಿಯಲು ಒಬ್ಬೊಬ್ಬರಿಗೆ ಅರ್ಧ ಲೀಟರ್ ನೀರು ಸಾಕು. ಹರಕೆಗೆ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತಾರೆ, ಇಬ್ಬನಿ ಬಿದ್ದರೆ ಜಾರುತ್ತದೆ. ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಯಲ್ಲಿ ಹಿಡಿದರೆ ಅದು ಕೋತಿಯದು. ಮಂಡಿ ನೋಯುವುದು ಇಳಿಯುವಾಗ, ಆದ್ದರಿಂದ ಹತ್ತಿ ಹೋಗಿ ಸಿಟಿ ಬಸ್ಸಿನಲ್ಲಿ ಇಳಿಯಿರಿ. ಬೆಟ್ಟ ಬೇಡ ಅನ್ನುವ ಹಿರಿಯರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ. ನೆರಳಿನಲ್ಲಿ ಒಂದು ಸುತ್ತು, ಒಂದು ಗಂಟೆ.

ಕಾವೇರಿ ಅಡ್ಡಗಟ್ಟೆಯ ಮೇಲಿಂದ ಧುಮುಕುವ ಬಲಮುರಿಗೆ ಹೋಗಬಹುದಾ ಅಂತಲೂ ಕೇಳುತ್ತಾರೆ. ನೋಡಲು ಹೋಗಿ, ಈಜಲು ಬೇಡ. ಕಟ್ಟೆ ಮೇಲೆ ತೆಳ್ಳಗೆ ಹರಿಯುವ ನೀರು ಆಟದಂತೆ ಕಂಡರೂ ಕೆಳಗಿನ ಕಲ್ಲಿಗೆಲ್ಲ ಪಾಚಿ. ನೀರು ಧುಮುಕುವ ಬುಡದಲ್ಲಿ ಸುಳಿ ಎದ್ದು ಬಿದ್ದವರನ್ನು ಮತ್ತೆ ಕಟ್ಟೆಯ ಕಡೆಗೇ ಎಳೆಯುತ್ತದೆ, ಈಜು ಬಂದವರನ್ನೂ. ಅದು ಕೆ.ಆರ್.ಎಸ್. ಕೆಳಗಿನ ಜಾಗ: ಇಲ್ಲಿ ಬಿಸಿಲು ಕಾಯುತ್ತಿದ್ದರೂ ಮೇಲೆ ನೀರು ಬಿಟ್ಟಿರಬಹುದು. ಮೊಣಕಾಲು ದಾಟುವ ನೀರಿಗೆ ಮಕ್ಕಳನ್ನು ಇಳಿಸಬೇಡಿ. ಸ್ವಚ್ಛವಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಗಾಗಿ ಕಸಕಡ್ಡಿ ತೇಲಿಬಂದರೆ ಚಪ್ಪಲಿ ಹುಡುಕುತ್ತಾ ನಿಲ್ಲದೆ ದಡ ಹತ್ತಿ.