ಗೈಡ್ ನೋಡಿ ಬರೆದ ಎಮರ್ಸನ್

ಬಿ.ಎ. ಎರಡನೇ ವರ್ಷದಲ್ಲಿ ಆಪ್ಷನಲ್ ಇಂಗ್ಲಿಷ್ ತೆಗೆದುಕೊಂಡವರು ನಾವು ಹನ್ನೊಂದೇ ಜನ. ಟೆಸ್ಟಿನಲ್ಲಿ ಅಮೆರಿಕದ ಕವಿ, ಪ್ರಬಂಧಕಾರ ಎಮರ್ಸನ್ ಮೇಲೆ 10 ಮಾರ್ಕ್ಸಿನ ಪ್ರಶ್ನೆ ಬಂತು. ರಾತ್ರಿಯೆಲ್ಲ ಗೈಡ್ ಉರು ಹೊಡೆದಿದ್ದೆ, ಎರಡು ಪುಟ ತುಂಬಿಸಿದೆ. ಬಂದದ್ದು 3.

"ಕೈಬರಹ ಚೆನ್ನಾಗಿದೆಯಪ್ಪಾ," ಅಂದರು ಮೇಷ್ಟ್ರು. "ಬೇರೆಯವರ ಮಾತು ಕಾಪಿ ಹೊಡೀಬೇಡಿ ಅಂತ ಹೇಳ್ತಾ ಬಂದವನ ಬಗ್ಗೆನೇ ಕಾಪಿ ಹೊಡೆದಿದ್ದೀಯಲ್ಲೋ!" ಕ್ಲಾಸಿಗೆ ಕ್ಲಾಸೇ ನಕ್ಕಿತು.

ಅವತ್ತು ಅವರು ಗೈಡಿನಲ್ಲಿಲ್ಲದ್ದನ್ನು ಹೇಳಿದರು. ಯುರೋಪಿನ ಬಾಯಿ ನೋಡಿದ್ದು ಸಾಕು, ನಮ್ಮ ಕಾಲ ಮೇಲೆ ನಡೆಯೋಣ ಅಂತ 1837ರಲ್ಲಿ ಎಮರ್ಸನ್ ಹಾರ್ವರ್ಡ್‌ನಲ್ಲಿ ಭಾಷಣ ಮಾಡಿದ್ದು. ಅವನ ಗೆಳೆಯ, ಲೇಖಕ ಥೋರೋ ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡದ್ದು ಎಮರ್ಸನ್ನನ ಜಾಗದಲ್ಲೇ ಅನ್ನೋದು. ಇಷ್ಟನ್ನು ಬೇಗ ಬೇಗ ಮುಗಿಸಿ ಅಮೆರಿಕದ ಇನ್ನೊಬ್ಬ ಕವಿ ವಿಟ್ಮನ್‌ಗೆ ಬಂದರು. ವಿಟ್ಮನ್ ಅಂದರೆ ಮೇಷ್ಟ್ರಿಗೆ ಪ್ರೀತಿ ಸ್ವಲ್ಪ ಜಾಸ್ತಿ.

ಅಮೆರಿಕವನ್ನು ಹಾಡುವ ಕವಿ ಇನ್ನೂ ಬಂದಿಲ್ಲ ಎಂದು ಎಮರ್ಸನ್ 1844ರಲ್ಲಿ ಬರೆದಿದ್ದ. 1855ರಲ್ಲಿ ವಿಟ್ಮನ್ ತನ್ನದೇ ದುಡ್ಡಿನಲ್ಲಿ 12 ಪದ್ಯಗಳ 'ಲೀವ್ಸ್ ಆಫ್ ಗ್ರಾಸ್' ಅಚ್ಚು ಹಾಕಿಸಿ ಅವನಿಗೆ ಕಳಿಸಿದ. ದೊಡ್ಡ ಬಾಳೊಂದರ ಶುರುವಿನಲ್ಲಿ ನಿಂತಿದ್ದೀರಿ, ನಿಮಗೆ ವಂದನೆ ಎಂದು ಎಮರ್ಸನ್ ಪತ್ರ ಬರೆದ. ವಿಟ್ಮನ್ ಏನು ಮಾಡಿದ ಗೊತ್ತಾ? ಒಂದು ಮಾತೂ ಕೇಳದೆ ಆ ಸಾಲನ್ನು ಮರುವರ್ಷದ ಮುದ್ರಣದಲ್ಲಿ ಹಾಕಿಸಿಬಿಟ್ಟ. ಮೇಷ್ಟ್ರು ಅಟೆಂಡೆನ್ಸ್ ರಿಜಿಸ್ಟರ್ ಎತ್ತಿ, ಅದರ ಬೆನ್ನಿನ ಮೇಲೆ ಬೆರಳು ಎಳೆದರು. "ನೋಡಿ, ಇಲ್ಲಿ. ಚಿನ್ನದ ಬಣ್ಣದ ಅಕ್ಷರದಲ್ಲಿ. ಕೆಳಗೆ ಎಮರ್ಸನ್ ಹೆಸರು ಬೇರೆ!"

ಆದರೂ ಎಮರ್ಸನ್ ಪದ್ಯಕ್ಕೆ ಪ್ರಾಸ ಬೇಕು, ವಿಟ್ಮನ್ನನ ಉದ್ದುದ್ದ ಸಾಲುಗಳಿಗೆ ಅದರ ಹಂಗೇ ಇಲ್ಲ. "ಪ್ರಭಾವ ಅಂದ್ರೆ ಇದು ಕಣ್ರೋ. ಪಡಿಯಚ್ಚಲ್ಲ."

ಬೆಲ್ ಹೊಡೆಯುವ ಮುಂಚೆ ಎಮರ್ಸನ್ನನ 'ಬ್ರಹ್ಮ' ಓದಿದರು. 1857ರದ್ದು. ಕೊಲ್ಲುವವನು ತಾನು ಕೊಂದೆ ಅಂದುಕೊಂಡರೆ, ಸತ್ತವನು ತಾನು ಸತ್ತೆ ಅಂದುಕೊಂಡರೆ, ಇಬ್ಬರಿಗೂ ತಿಳಿಯದು ಅನ್ನುವ ಪದ್ಯ. ಆಗಿನ ಅಮೆರಿಕದ ಓದುಗರು ತಲೆಬುಡ ತಿಳಿಯದೆ ಅಣಕಿಸಿದ್ದರಂತೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ, "ಸಾರ್, ಇದು ಗೀತೆಯಲ್ಲಿದೆ ಅಲ್ವಾ?" ಅಂದಳು.

"ಕಠೋಪನಿಷತ್ತಲ್ಲೂ ಇದೆಯಮ್ಮಾ. ಅವನು ಎರಡನ್ನೂ ಓದಿದ್ದ," ಅಂದವರು ಪುಸ್ತಕ ಮುಚ್ಚಲೇ ಇಲ್ಲ. ಮುಂದಿನ ಕ್ಲಾಸಿನವರು ಬಾಗಿಲಲ್ಲಿ ಕಾಯುತ್ತಾ ನಿಂತರು.

ಮುಂದಿನ ಟೆಸ್ಟಿನಲ್ಲಿ ನನಗೆ ತೋಚಿದ್ದನ್ನೇ ಬರೆದೆ. 5 ಬಂತು. ಮಾರ್ಜಿನ್ನಿನಲ್ಲಿ ಕೆಂಪು ಇಂಕು: "ವಿಟ್ಮನ್‌ಗೆ ಒಂದೇ ಟಿ."