ಮೂರನೇ ಸ್ಟಂಪ್ ಎಲ್ಲಿಂದ ಬಂತು?

ದಾವಣಗೆರೆಯ ಹೈಸ್ಕೂಲ್ ಫೀಲ್ಡಿನಲ್ಲಿ ಟೆನಿಸ್ ಬಾಲ್ ಆಡಿ ಬೆಳೆದವರಿಗೆ ಹೇಳಬೇಕಾಗಿಲ್ಲ, ಆಟಕ್ಕಿಂತ ಜಗಳಕ್ಕೇ ಜಾಸ್ತಿ ಹೊತ್ತು ಹೋಗುತ್ತಿತ್ತು. ಆ ಜಗಳಗಳಿಂದಲೇ ನಮ್ಮ ರೂಲ್ಸ್ ಹುಟ್ಟುತ್ತಿದ್ದವು. ಕ್ರಿಕೆಟ್ಟಿನ ದೊಡ್ಡ ರೂಲ್ಸ್ ಕೂಡ ಹೀಗೇ ಹುಟ್ಟಿದವು ಅಂತ ನನಗೆ ಗೊತ್ತಾಗಿದ್ದು ಇಂಗ್ಲೆಂಡಿಗೆ ಬಂದ ಮೇಲೆ.

ನಾನಿರುವ ಪೋರ್ಟ್ಸ್‌ಮೌತ್ ಹತ್ತಿರವೇ ಹ್ಯಾಂಬಲ್ಡನ್ ಅನ್ನೋ ಹಳ್ಳಿ ಇದೆ. ಕ್ರಿಕೆಟ್ಟಿನ ತೊಟ್ಟಿಲು ಅಂತ ಅದಕ್ಕೆ ಹೆಸರು. ಇದು ಸ್ವಲ್ಪ ಜಾಸ್ತಿ ಆಯ್ತು ಅನ್ನಿ. ಅಲ್ಲಿನ ಕ್ರಿಕೆಟ್ ಕ್ಲಬ್ ಹೆಸರು ಮಾಡುವ ಮೊದಲೇ, 1744ರಲ್ಲಿ, ಲಂಡನ್ನಿನಲ್ಲಿ ಆಟದ ನಿಯಮ ಬರೆದಿಟ್ಟಿದ್ದರು. ಆದರೆ 1770ರ ದಶಕದಲ್ಲಿ ಹ್ಯಾಂಬಲ್ಡನ್ ಟೀಮಿನ ಮುಂದೆ ನಿಲ್ಲುವವರು ಕಡಿಮೆ. 1777ರಲ್ಲಿ ಇಂಗ್ಲೆಂಡ್ ತಂಡವನ್ನೇ ಒಂದು ಇನಿಂಗ್ಸ್ ಮತ್ತು 168 ರನ್ನುಗಳಿಂದ ಸೋಲಿಸಿದರು. ಜೇಮ್ಸ್ ಐಲ್ವರ್ಡ್ ಒಬ್ಬನೇ 167 ಹೊಡೆದ.

ಆಡುತ್ತಿದ್ದವರು ಯಾರು? ಕ್ಯಾಪ್ಟನ್ ರಿಚರ್ಡ್ ನೈರೆನ್ ಮೈದಾನದ ಎದುರಿನ ಪಬ್ ನಡೆಸುತ್ತಿದ್ದ. ಬ್ಯಾಟ್ಸ್‌ಮನ್ ಜಾನ್ ಸ್ಮಾಲ್ ಚಮ್ಮಾರ. ಆಮೇಲೆ ಅವನೇ ಬ್ಯಾಟು, ಬಾಲು ಮಾಡಿ ಮಾರಿದ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಊರಿನ ಗೆಳೆಯ ಕೇಳಿದ್ದು ಒಂದೇ. "ಅಲ್ಲಲೇ, ದುಡ್ಡು ಯಾರು ಹಾಕ್ತಿದ್ರು?" ಅವನು ಟೂರ್ನಮೆಂಟ್ ನಡೆಸಿದವನು, ಬೇರೆ ಏನು ಹೊಳೆದೀತು! ದುಡ್ಡು ಹಾಕುತ್ತಿದ್ದವರು ಜಮೀನ್ದಾರರು, ಶ್ರೀಮಂತರು. ಪಂದ್ಯಕ್ಕೆ 500 ಪೌಂಡಿನ ಬಾಜಿ ಕಟ್ಟುವುದೂ ಇತ್ತು. ಅಷ್ಟು ದುಡ್ಡು ಇಟ್ಟ ಮೇಲೆ ಜಗಳ ಆಗದೆ ಇರುತ್ತದಾ?

1771ರ ಸೆಪ್ಟೆಂಬರ್. ಚರ್ಟ್ಸಿ ಟೀಮಿನ ಜೊತೆ ಪಂದ್ಯ. ಎದುರಾಳಿಗಳ ಕಡೆಯ ಥಾಮಸ್ ವೈಟ್ ಅನ್ನೋನು ವಿಕೆಟ್ಟಿನಷ್ಟೇ ಅಗಲದ ಬ್ಯಾಟ್ ಹಿಡಿದು ಬಂದ. ಬಾಲ್ ಹೋಗೋದಾದರೂ ಎಲ್ಲಿಂದ! ಆಗ ಬ್ಯಾಟಿನ ಅಗಲಕ್ಕೆ ನಿಯಮವೇ ಇರಲಿಲ್ಲ, ಹಾಗಾಗಿ ಮೋಸ ಅನ್ನುವಂತೆಯೂ ಇಲ್ಲ. ಅಷ್ಟಾದರೂ ಹ್ಯಾಂಬಲ್ಡನ್ ಒಂದು ರನ್ನಿನಿಂದ ಗೆದ್ದಿತು. ಗೆದ್ದವರು ಸುಮ್ನೆ ಬಿಡಲಿಲ್ಲ. ಬೌಲರ್ ಥಾಮಸ್ ಬ್ರೆಟ್ ತಕರಾರು ಬರೆದ, ನೈರೆನ್ ಮತ್ತು ಸ್ಮಾಲ್ ಸಹಿ ಹಾಕಿದರು. ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು ದಾಟಬಾರದು ಅಂತ. 1774ರಲ್ಲಿ ಅದು ನಿಯಮವಾಯಿತು. ಇವತ್ತಿಗೂ ಅಷ್ಟೇ ಇದೆ. ಅಲ್ಲಿಗೂ ಬಿಡದೆ, ಬಂದವರ ಬ್ಯಾಟ್ ಅಳೆಯಲು ಕಬ್ಬಿಣದ ಚೌಕಟ್ಟು ಮಾಡಿಸಿಟ್ಟಿದ್ದರಂತೆ. ನಮ್ಮೂರಿನವರೇ ಅನ್ನಿಸಿತು ನನಗೆ.

ಇನ್ನೊಂದು ಕತೆ 1775ರದು, ಲಂಡನ್ನಿನಲ್ಲಿ ಕೆಂಟ್ ವಿರುದ್ಧ ಆಡಿದ್ದು. ಎರಡೂ ಕಡೆ ಐದೈದೇ ಜನ. ಕೊನೆಯ ಬ್ಯಾಟ್ಸ್‌ಮನ್ ಜಾನ್ ಸ್ಮಾಲ್, ಗೆಲ್ಲಲು 14 ರನ್ ಬೇಕು. ಬೌಲರ್ 'ಲಂಪಿ' ಸ್ಟೀವನ್ಸ್. ವೇಗದ ಬೌಲರ್ ವಿನಯ್ ಕುಮಾರ್ ಊರಾದ ದಾವಣಗೆರೆಯವರಿಗೆ ತಮಾಷೆ ಅನ್ನಿಸಬಹುದು, ಆಗ ಎಲ್ಲರೂ ಕೈ ಕೆಳಗಿನಿಂದಲೇ ಬಾಲ್ ಹಾಕುತ್ತಿದ್ದರು. ಆದರೂ ಲಂಪಿಯ ಗುರಿ ಭಾರಿ. ಮೂರು ಸಲ ಬಾಲ್ ಸ್ಮಾಲ್‌ನನ್ನು ದಾಟಿ ನೇರ ವಿಕೆಟ್ಟಿಗೇ ಹೋಯಿತು, ಆದರೆ ಔಟ್ ಆಗಲಿಲ್ಲ. ಆಗ ಇದ್ದಿದ್ದು ಎರಡೇ ಸ್ಟಂಪು, ಬಾಲ್ ನಡುವಿನಿಂದ ತೂರಿಹೋಗಿತ್ತು! ಸ್ಮಾಲ್ ಆ 14 ರನ್ ಹೊಡೆದು ಗೆಲ್ಲಿಸಿದ. ಲಂಪಿಗೆ ಅನ್ಯಾಯ ಆಯ್ತು ಅಂತ ಮಾತು ಎದ್ದು ಮೂರನೇ ಸ್ಟಂಪ್ ಬಂತು. ಪಂದ್ಯ ಮಾತ್ರ ಅವನಿಗೆ ವಾಪಸ್ ಸಿಗಲಿಲ್ಲ, ಪಾಪ.

1787ರಲ್ಲಿ ಲಂಡನ್ನಿನಲ್ಲಿ ಎಂಸಿಸಿ, ಅಂದರೆ ಮೇರಿಲೆಬೋನ್ ಕ್ರಿಕೆಟ್ ಕ್ಲಬ್, ಶುರುವಾಯಿತು. ದುಡ್ಡಿನವರು ಅತ್ತ ಹೋದರು, ಒಳ್ಳೆ ಆಟಗಾರರೂ ಹಿಂದೆಯೇ ಹೋದರು. 1796ರ ಹೊತ್ತಿಗೆ ಹಳೆಯ ಕ್ಲಬ್ಬಿನ ಕತೆ ಮುಗಿದಿತ್ತು. ಹಳ್ಳಿಯ ಈಗಿನ ಕ್ಲಬ್ ಬೇರೆ ಮೈದಾನದಲ್ಲಿ ಆಡುತ್ತದೆ. ಹಳೆಯ ಬ್ರಾಡ್‌ಹಾಫ್‌ಪೆನಿ ಡೌನ್ ಮೈದಾನದಲ್ಲೂ ಇನ್ನೊಂದು ಕ್ಲಬ್ಬಿನ ಆಟ ನಡೆಯುತ್ತದೆ. ಅಲ್ಲಿ 1908ರಲ್ಲಿ ನಿಲ್ಲಿಸಿದ ಸ್ಮಾರಕದ ಕಲ್ಲಿದೆ, ಎದುರಿಗೆ 'ಬ್ಯಾಟ್ ಅಂಡ್ ಬಾಲ್' ಪಬ್ ಇದೆ. ಈ ಕಡೆ ಬರುವವರು ಬೇಸಿಗೆಯಲ್ಲಿ ಬನ್ನಿ, ಚಳಿಗಾಲದಲ್ಲಿ ಆಟ ಇರುವುದಿಲ್ಲ. ಖಾರ ಮಂಡಕ್ಕಿ ನೀವೇ ತರಬೇಕು.