ಮಾತು ಕೇಳದಿದ್ದರೆ ಪಾಪ ಬರುತ್ತದೆ, ಅಲ್ಲವೇ ಟೀಚರ್?

ಯಾವಾಗಲೂ ಬರುವುದಿಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಯನ್ನು ಯಾರೂ ಉತ್ತರಕ್ಕಾಗಿ ಕೇಳುವುದಿಲ್ಲ, ಸಾಕ್ಷಿಗಾಗಿ ಕೇಳುತ್ತಾರೆ. ಪಕ್ಕದಲ್ಲಿ ಮಗು ನಿಂತಿರುತ್ತದೆ. ಪ್ರಶ್ನೆ ನನಗೆ, ದೃಷ್ಟಿ ಮಗುವಿನ ಮೇಲೆ. ನಾನೊಮ್ಮೆ ‘ಹೌದು’ ಎಂದುಬಿಟ್ಟರೆ ಮನೆಯಲ್ಲಿ ಒಂದು ವಾರಕ್ಕಾಗುವಷ್ಟು ಶಿಸ್ತು ಪುಕ್ಕಟೆ ಸಿಗುತ್ತದೆ.

ನಾನು ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು. ಮಾಡಿದ ತಪ್ಪನ್ನು ಚರ್ಚಿನ ಗುರುಗಳ ಬಳಿ ಗುಟ್ಟಾಗಿ ಹೇಳಿಕೊಳ್ಳುವ ಮೊದಲ ಪಾಪನಿವೇದನೆಗೆ, ಪೂಜೆಯಲ್ಲಿ ಯೇಸುವಿನ ದೇಹವೆಂದು ರೊಟ್ಟಿ ಸ್ವೀಕರಿಸುವ ಮೊದಲ ಪರಮಪ್ರಸಾದಕ್ಕೆ ಸಿದ್ಧಪಡಿಸುವ ತರಗತಿ ನನ್ನದು. ಎಲ್ಲರೂ ಏಳೆಂಟು ವರ್ಷದವರು. ಇಷ್ಟು ಚಿಕ್ಕವರನ್ನು ಕೂರಿಸುವುದಕ್ಕೆ ಕಾರಣ ಪೋಪ್ ಹತ್ತನೇ ಪಯಸ್. ಅದಕ್ಕೆ ಮೊದಲು ಎಷ್ಟೋ ಕಡೆ ಹತ್ತು, ಹನ್ನೆರಡು ದಾಟುವವರೆಗೆ ಕಾಯಿಸುತ್ತಿದ್ದರು. 1910ರಲ್ಲಿ, ಒಳಿತು ಕೆಡುಕು ತಿಳಿಯುವ ವಿವೇಚನೆಯ ವಯಸ್ಸು ಸುಮಾರು ಏಳು ಎಂದು ಗೊತ್ತುಪಡಿಸಲಾಯಿತು. ಮಕ್ಕಳು ಬೇಗ ಯೇಸುವಿನ ಹತ್ತಿರ ಬರಲಿ ಎಂಬ ಆಸೆಯಿಂದ ಮಾಡಿದ್ದು. ಬೇಗ ಕಟಕಟೆ ಹತ್ತಲಿ ಎಂದಲ್ಲ.

ಒಂದು ಸಲ ಒಬ್ಬ ತಾಯಿ ಮಗನ ಕೈಯಲ್ಲಿ ಚೀಟಿ ಕೊಟ್ಟು ಕಳುಹಿಸಿದ್ದರು. ಪಾಪಗಳ ಪಟ್ಟಿ. ಪಾಪ ಅವನದು, ಕೈಬರಹ ಅವರದು. ಹೇಳಿದ ಮಾತು ಕೇಳುವುದಿಲ್ಲ. ಕರೆದರೆ ಬರುವುದಿಲ್ಲ. ತಟ್ಟೆಯಲ್ಲಿ ಊಟ ಬಿಡುತ್ತಾನೆ. ಮೊಬೈಲ್ ಬಿಡುವುದಿಲ್ಲ. ಗಣಿತದಲ್ಲಿ ಗಮನವಿಲ್ಲ. ಗಣಿತ! ಹತ್ತು ಆಜ್ಞೆಗಳಲ್ಲಿ ಅದು ಎಷ್ಟನೆಯದೋ ನನಗಂತೂ ಸಿಗಲಿಲ್ಲ. ಹುಡುಗ ಚೀಟಿಯ ಮಧ್ಯದ ಸಾಲೊಂದರ ಮೇಲೆ ಬೆರಳಿಟ್ಟು, “ಟೀಚರ್, ಇದನ್ನು ನಾನು ಮಾಡಿಲ್ಲ. ಇದನ್ನೂ ಹೇಳಬೇಕೇ?” ಎಂದು ಕೇಳಿದ.

ಚೀಟಿಯನ್ನು ತಾಯಿಗೆ ಹಿಂದಿರುಗಿಸಿದೆ. ಅವರಿಗೆ ಸಿಟ್ಟು ಬಂತು. “ಹಾಗಾದರೆ ಮಾತು ಕೇಳದಿರುವುದು ಪಾಪವಲ್ಲ ಎಂದು ಕಲಿಸುತ್ತೀರಾ?” ನಿವೇದನೆ ಮುಗಿದ ಮೇಲೆ ಇನ್ನೊಂದು ಕೇಳಿದರು: “ಗುರುಗಳ ಹತ್ತಿರ ಏನೇನು ಹೇಳಿದನಂತೆ?” ಅಮ್ಮಾ, ಆ ಗುಟ್ಟನ್ನು ಬಿಟ್ಟುಕೊಟ್ಟ ಗುರುವಿಗೆ ಧರ್ಮಸಭೆ ಬಹಿಷ್ಕಾರ ಹಾಕುತ್ತದೆ. ಏಳು ವರ್ಷದವನ ಗುಟ್ಟಿಗೂ ಅದೇ ಕಾನೂನು.

ನಾನು ಕಲಿಸುವುದು ಇಷ್ಟೇ. ಮರೆತದ್ದು ಪಾಪವಲ್ಲ. ಕೈಜಾರಿ ಒಡೆದದ್ದು ಪಾಪವಲ್ಲ. ನಿಧಾನ ಪಾಪವಲ್ಲ. ಗೊತ್ತಿದ್ದೂ, ಬೇಕೆಂದೇ, ಅಮ್ಮನಿಗೆ ನೋವಾಗಲಿ ಎಂದೇ ‘ಮಾಡುವುದಿಲ್ಲ’ ಎಂದರೆ ಅದು ಪಾಪವೇ. ಅದನ್ನು ನಾನು ಮುಚ್ಚಿಡುವುದಿಲ್ಲ. ಅಲ್ಲೂ ಲಘು ಪಾಪ, ಮಾರಕ ಪಾಪ ಎಂಬ ಭೇದವಿದೆ. ಗಂಭೀರ ವಿಷಯ, ಪೂರ್ಣ ಅರಿವು, ಮನಃಪೂರ್ವಕ ಒಪ್ಪಿಗೆ ಈ ಮೂರೂ ಕೂಡಿದರೆ ಮಾತ್ರ ಎರಡನೆಯದು. ತಟ್ಟೆಯಲ್ಲಿ ಬಿಟ್ಟ ಊಟಕ್ಕೆ ನರಕ ತೋರಿಸುವವರು ಈ ಪಾಠಕ್ಕೆ ತಾವೇ ಬಂದು ಕೂರಬೇಕು.

‘ಮಕ್ಕಳೇ, ತಂದೆತಾಯಿಗಳಿಗೆ ವಿಧೇಯರಾಗಿರಿ’ ಎಂದು ಸಂತ ಪೌಲ ಬೈಬಲಿನಲ್ಲಿರುವ ಪತ್ರದಲ್ಲಿ ಎಫೆಸದವರಿಗೆ ಬರೆದದ್ದು ಎಲ್ಲ ತಂದೆಯರಿಗೂ ಕಂಠಪಾಠ. ಅದು ಆರನೇ ಅಧ್ಯಾಯದ ಮೊದಲ ವಚನ. ನಾಲ್ಕನೆಯದರಲ್ಲಿ, ತಂದೆಯರೇ, ಮಕ್ಕಳಿಗೆ ಸಿಟ್ಟೆಬ್ಬಿಸಬೇಡಿ ಎಂದಿದೆ. ತಂದೆಯ ಕೈಹಿಡಿದು ಎಳೆದುಕೊಂಡು ಬಂದು ‘ಇವರಿಗೂ ಸ್ವಲ್ಪ ಹೇಳಿ ಟೀಚರ್’ ಎಂದ ಮಗುವನ್ನು ನಾನಿನ್ನೂ ಕಂಡಿಲ್ಲ.

ಏದೆನ್ ತೋಟದ ಕಥೆಯಲ್ಲಿ ದೊಡ್ಡವರಿಗೆ ಹಾವು ಮತ್ತು ಶಿಕ್ಷೆ ಬೇಕು. ಮಕ್ಕಳಿಗೆ ಬೇರೆಯೇ ಜಾಗ ಇಷ್ಟ. ದೇವರು ಬೇಡವೆಂದ ಹಣ್ಣು ತಿಂದವರು ಮರಗಳ ಹಿಂದೆ ಅಡಗಿಕೊಂಡರು ಎಂದಾಗ ತರಗತಿ ಪೂರ್ತಿ ತಲೆಯಾಡಿಸುತ್ತದೆ, ಅವರೂ ಅಡಗಿದವರೇ. ದೇವರು ಮೊದಲು ಕೇಳುವುದು ‘ಯಾಕೆ ತಿಂದೆ’ ಎಂದಲ್ಲ, ‘ಎಲ್ಲಿದ್ದೀಯೆ’ ಎಂದು. ಆದಾಮ ಹೆಂಡತಿಯತ್ತ ಕೈತೋರಿಸುತ್ತಾನೆ, ಹವ್ವ ಹಾವಿನತ್ತ. ಇಲ್ಲಿ ಮಕ್ಕಳು ನಗುತ್ತಾರೆ, ಏಕೆಂದರೆ ತಮ್ಮ-ತಂಗಿಯರಿರುವ ಮನೆಗಳಲ್ಲಿ ಇದು ದಿನವೂ ನಡೆಯುವ ವ್ಯವಹಾರ. ಕೊನೆಗೆ, ಹೊರಗೆ ಕಳುಹಿಸುವ ಮುಂಚೆ, ದೇವರೇ ಚರ್ಮದ ಅಂಗಿ ಮಾಡಿ ಇಬ್ಬರಿಗೂ ತೊಡಿಸುತ್ತಾರೆ. ಈ ವಾಕ್ಯವನ್ನು ಹಾರಿಸಿ ಪಾಪದ ಪಾಠ ಹೇಳುವವರ ಮೇಲೆ ನನಗೆ ನಂಬಿಕೆಯಿಲ್ಲ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಮಗು ಯಾವಾಗ ಮಾತು ಮೀರಲೇಬೇಕು?

ಬೈಬಲಿನಲ್ಲಿ ಅದಕ್ಕೆ ಉತ್ತರ ಬೇಕಾದಷ್ಟಿದೆ. ಇಬ್ರಿಯರಿಗೆ ಹುಟ್ಟಿದ ಗಂಡುಮಕ್ಕಳನ್ನು ಕೊಲ್ಲಿರೆಂದು ಈಜಿಪ್ಟಿನ ಅರಸ ಫರೋಹ ಆಜ್ಞಾಪಿಸಿದಾಗ ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರು ಕೊಲ್ಲಲಿಲ್ಲ, ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದರು. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಯೇಸುವಿನ ಶಿಷ್ಯ ಪೇತ್ರ ನ್ಯಾಯಸಭೆಯ ಮುಂದೆಯೇ ಹೇಳಿದ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ, ತಂದೆತಾಯಿಯ ಒಂದು ಅಪ್ಪಣೆ ನೈತಿಕವಾಗಿ ತಪ್ಪೆಂದು ಮಗುವಿನ ಮನಸ್ಸಾಕ್ಷಿಗೆ ದೃಢವಾದರೆ ಅದನ್ನು ಪಾಲಿಸಕೂಡದು ಎನ್ನುತ್ತದೆ. ಪಾಲಿಸದಿದ್ದರೂ ನಡೆಯುತ್ತದೆ ಎಂದಲ್ಲ, ಪಾಲಿಸಲೇಬಾರದು.

ಇದನ್ನು ಏಳರ ವಯಸ್ಸಿಗೆ ಏಕೆ ಹೇಳಬೇಕು ಎಂದರೆ, ದೊಡ್ಡವರ ಮಾತು ಮೀರುವುದೆಲ್ಲ ಪಾಪ ಎಂದು ಕಲಿತ ಮಗುವಿನ ಹತ್ತಿರ ಯಾವನೋ ದೊಡ್ಡವನು ‘ಇದನ್ನು ಯಾರಿಗೂ ಹೇಳಬೇಡ’ ಎಂದರೆ ಅದು ಹೇಳುವುದಿಲ್ಲ. ಅವನು ಮಾಡಿದ್ದನ್ನು ತನ್ನ ಪಾಪವೆಂದು ಹೊತ್ತು ತಿರುಗುತ್ತದೆ. ಆದ್ದರಿಂದ ನನ್ನ ತರಗತಿಯಲ್ಲಿ ‘ಇಲ್ಲ’ ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸವೂ ಉಂಟು. ನೆಂಟರಿಗೆ, ಗುರುಗಳಿಗೆ, ನನಗೆ, ಯಾರಿಗೇ ಆಗಲಿ.

ಇದರಿಂದ ತೊಂದರೆಯಾಗಿಲ್ಲ ಎನ್ನಲಾರೆ. ಹಲ್ಲುಜ್ಜು ಎಂದರೆ ಮಗಳು ‘ನನ್ನ ಮನಸ್ಸಾಕ್ಷಿ ಒಪ್ಪುತ್ತಿಲ್ಲ’ ಎನ್ನುತ್ತಾಳೆಂದು ಒಬ್ಬ ತಂದೆ ದೂರು ತಂದರು. ನಿಮ್ಮ ಅಪ್ಪಣೆಯಲ್ಲಿ ದೋಷವಿಲ್ಲ, ನನ್ನ ಹೆಸರು ಹೇಳಿಯೇ ಉಜ್ಜಿಸಿ ಎಂದು ಕಳುಹಿಸಿದೆ.